ಗಾಡಿ ಮೇಲಿರುವವರಿಗೆ ಫೋನ್ ಮಾಡುವವರು ಯಾರು?

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ಗಾಡಿ ಓಡಿಸುವಾಗ ಫೋನ್ ಪೂರ್ತಿ ಬಂದ್ ಆಗಬೇಕು ಅಂತ ಹೋದ ಸಂಚಿಕೆದಾಗ ಬರದೀರಿ. ನಾ ಛೋಟಾ ಹಾಥಿ (ಸಣ್ಣ ಸರಕು ಗಾಡಿ) ಹೊಡಿಯಾಂವ. ತಿಕೋಟಾ ಕಡಿಯಿಂದ ಒಣದ್ರಾಕ್ಷಿ, ಇಂಡಿ ಕಡಿಯಿಂದ ಲಿಂಬಿಕಾಯಿ ತುಂಬತೀನಿ. ಫೋನ್ ಎತ್ತಲಿಲ್ಲ ಅಂದ್ರ ಲೋಡ್ ಬ್ಯಾರೆಯವರ ಪಾಲು. ಬಾಜೂ ಸೀಟಿನ್ಯಾಗ ಕುಂತಾಂವ ದಾರಿ ತುಂಬ ಮಾತಾಡ್ತಾನ, ಅದಕ್ಕ ಕಾಯ್ದೆ ಇಲ್ಲ. ಕಿವ್ಯಾಗ ಬ್ಲೂಟೂತ್ ಹಾಕ್ಕೊಂಡ್ರ ಎರಡೂ ಕೈ ಸ್ಟೇರಿಂಗ್ ಮ್ಯಾಲೇ ಇರ್ತಾವ. ಮತ್ಯಾಕ ಬಂದ್ ಮಾಡಬೇಕು? ನೀವು ಆಫೀಸಿನ್ಯಾಗ ಕುಂತು ಬರೀತೀರಿ, ನಮ್ಮ ಹೊಟ್ಟಿ ಯಾರು ನೋಡ್ತಾರ?"
- ವಿಜಯಪುರ ಜಿಲ್ಲೆಯ ಓದುಗರು (ಹೆಸರು ಬೇಡ ಎಂದು ಕೋರಿದ್ದಾರೆ)

ಸಂಪಾದಕರ ಉತ್ತರ:

ನಮಸ್ಕಾರ. ಹೋದ ಸಂಚಿಕೆಯ ಲೇಖನಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು 'ಸರಿಯಾಗಿ ಬರೆದಿದ್ದೀರಿ' ಎಂದು ಎರಡು ಸಾಲಿನಲ್ಲಿ ಮುಗಿದಿವೆ. ನಿಮ್ಮದು ಜಗಳ ತೆಗೆದಿದೆ. ಅದಕ್ಕೇ ಈ ಸಲದ ಜಾಗ ಪೂರ್ತಿ ನಿಮಗೆ.

ಮೊದಲು ಕಾಯ್ದೆ ಮಾತು ಮುಗಿಸಿಬಿಡೋಣ. ಬಂದ್ ಮಾಡಬೇಕೋ ಬೇಡವೋ ಎಂದು ನಾವು ವಾದ ಮಾಡುತ್ತಿದ್ದೇವೆ, ಆದರೆ ಕೈಯಲ್ಲಿ ಫೋನ್ ಹಿಡಿದು ಗಾಡಿ ಓಡಿಸುವುದು ಈಗಾಗಲೇ ಅಪರಾಧ. 1988ರ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಯದ್ದು. 2019ರ ತಿದ್ದುಪಡಿಯಲ್ಲಿ ಕೈಯಲ್ಲಿ ಹಿಡಿಯುವ ಫೋನನ್ನು ಹೆಸರಿಟ್ಟು ಅದರೊಳಗೆ ಸೇರಿಸಿದರು. ಕೇಂದ್ರದ ಕಾಯ್ದೆ ಪ್ರಕಾರ ಮೊದಲ ಸಲಕ್ಕೆ 1,000 ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕರೆ ದಂಡ 10,000. ಲೈಸೆನ್ಸ್ ಮಾತು ಬೇರೆ. ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ, ಇಂಥವರ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಎಂದು ರಾಜ್ಯಗಳಿಗೆ ಹೇಳಿದೆ. ಮ್ಯಾಪ್ ನೋಡಲು ಮಾತ್ರ 2020ರ ಅಕ್ಟೋಬರ್‌ನಿಂದ ಅನುಮತಿ ಇದೆ, ಅದೂ ಚಾಲಕನ ಗಮನ ಕೆಡದಂತೆ.

ಅಂದರೆ ಉಳಿದಿರುವ ಪ್ರಶ್ನೆ ನೀವು ಎತ್ತಿದ್ದೇ. ಕಾಯ್ದೆ ಹೇಳುವುದು ಕೈಯಲ್ಲಿ ಹಿಡಿದ ಫೋನಿನ ಬಗ್ಗೆ. ಕಿವಿಯಲ್ಲಿ ಬ್ಲೂಟೂತ್ ಇದ್ದರೆ?

ನೀವು ಎರಡೂ ಕೈ ಸ್ಟೇರಿಂಗ್ ಮೇಲಿವೆ ಎನ್ನುತ್ತೀರಿ. ಒಪ್ಪಿದೆ. ಆದರೆ ಗಾಡಿ ಓಡಿಸುವುದು ಬರೀ ಕೈಯಲ್ಲ. ಕೆನಡಾದ ಟೊರಾಂಟೊದಲ್ಲಿ ಇಬ್ಬರು ಸಂಶೋಧಕರು ಅಪಘಾತ ಮಾಡಿಕೊಂಡ 699 ಚಾಲಕರ ಫೋನ್ ಬಿಲ್ ತೆಗೆದು, ಯಾವ ಕರೆ ಎಷ್ಟು ಹೊತ್ತಿಗೆ ಬಂತು, ಗಾಡಿ ಎಷ್ಟು ಹೊತ್ತಿಗೆ ಬಡಿಯಿತು ಎಂದು ಹೋಲಿಸಿ ನೋಡಿದರು. 1997ರಲ್ಲಿ ಅದು ಪ್ರಕಟವಾಯಿತು. ಫೋನಿನಲ್ಲಿರುವಾಗ ಅಪಘಾತದ ಸಂಭವ ನಾಲ್ಕು ಪಟ್ಟು. ಕೈಯಲ್ಲಿ ಹಿಡಿಯದೆ ಮಾತಾಡುವ ಫೋನಿದ್ದವರಿಗೆ ಅದರಿಂದ ಏನೂ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಇವತ್ತಿಗೂ ಅದೇ ನಾಲ್ಕು ಪಟ್ಟಿನ ಲೆಕ್ಕ ಕೊಡುತ್ತದೆ.

ಯಾಕೆ ಹೀಗೆ? ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಟ್ರೇಯರ್ ಮತ್ತು ಜೊತೆಗಾರರು ಇದನ್ನೇ ಹುಡುಕಿದರು. ಗಾಡಿಯಂಥದೇ ಒಂದು ಯಂತ್ರದಲ್ಲಿ ಜನರನ್ನು ಕೂರಿಸಿ, ಅವರ ಕಣ್ಣು ಎಲ್ಲಿ ನೋಡುತ್ತಿದೆ ಎಂದು ಅಳೆದರು. ಎಲ್ಲರಿಗೂ ಕೈ ಬೇಡದ ಫೋನನ್ನೇ ಕೊಟ್ಟಿದ್ದರು. ದಾರಿ ಪಕ್ಕದ ದೊಡ್ಡ ದೊಡ್ಡ ಬೋರ್ಡುಗಳ ಮೇಲೆ ಅವರ ಕಣ್ಣು ನೇರವಾಗಿ ಬಿದ್ದದ್ದು ಯಂತ್ರದಲ್ಲಿ ದಾಖಲಾಗಿದೆ. ಆಮೇಲೆ ಕೇಳಿದರೆ, ಫೋನಿನಲ್ಲಿದ್ದವರಿಗೆ ಎಷ್ಟೋ ಬೋರ್ಡುಗಳ ನೆನಪೇ ಇಲ್ಲ. ಕಣ್ಣು ನೋಡಿದೆ, ತಲೆಗೆ ಹೋಗಿಲ್ಲ. ಆ ಬೋರ್ಡಿನ ಜಾಗದಲ್ಲಿ ರಸ್ತೆ ದಾಟುವ ಒಂದು ಹುಡುಗಿಯನ್ನು ಇಟ್ಟು ನೋಡಿ. ನನಗೆ ಇದನ್ನು ಓದಿದ ಮೇಲೆ ಬ್ಲೂಟೂತ್ ಮೇಲಿನ ಭರವಸೆ ಹೋಯಿತು.

ಬಾಜೂ ಸೀಟಿನವನ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ ಸಾಲು ಅದೇ. ಆದರೆ ಬಾಜೂ ಕುಂತವನಿಗೂ ದಾರಿ ಕಾಣುತ್ತದೆ, ಅಲ್ವಾ? ಕೊಲ್ಹಾರದ ಸೇತುವೆ ಮೇಲೆ ಎದುರಿನಿಂದ ಬಸ್ ಬಂದರೆ ಅವನು ತಾನಾಗಿ ಬಾಯಿ ಮುಚ್ಚುತ್ತಾನೆ. "ಹುಷಾರಿ, ಎಮ್ಮಿ ಬಂತು" ಅಂತ ನಿಮಗಿಂತ ಮೊದಲೇ ಕೂಗುತ್ತಾನೆ. ಅವನ ಜೀವವೂ ಅದೇ ಗಾಡಿಯಲ್ಲಿದೆ. ಫೋನಿನ ಆಚೆ ಇರುವ ವ್ಯಾಪಾರಿಗೆ ಎಮ್ಮೆಯೂ ಕಾಣುವುದಿಲ್ಲ, ಬಸ್ಸೂ ಕಾಣುವುದಿಲ್ಲ. ಬಾಕ್ಸಿಗೆ ಎಷ್ಟು ರೇಟು ಎಂದು ಅವನು ಕೇಳುತ್ತಲೇ ಇರುತ್ತಾನೆ. ಯೂಟಾದವರು 2008ರಲ್ಲಿ ಇದನ್ನೂ ಪರೀಕ್ಷೆ ಮಾಡಿದ್ದಾರೆ. ಅಂಥದೇ ಯಂತ್ರದಲ್ಲಿ, ಹೆದ್ದಾರಿಯಲ್ಲಿ ಹೋಗುತ್ತಾ ಒಂದು ಕಡೆ ಪಕ್ಕಕ್ಕೆ ಹೊರಳಿ ಗಾಡಿ ನಿಲ್ಲಿಸಬೇಕು ಎಂದು ಮೊದಲೇ ಹೇಳಿದ್ದರು. ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿದವರಲ್ಲಿ ಹೆಚ್ಚಿನವರು ಸರಿಯಾಗಿ ಹೊರಳಿದರು. ಅದೇ ಗೆಳೆಯನ ಜೊತೆ ಫೋನಿನಲ್ಲಿ ಮಾತಾಡಿದವರಲ್ಲಿ ಸುಮಾರು ಅರ್ಧದಷ್ಟು ಜನ ಆ ತಿರುವನ್ನೇ ದಾಟಿ ಹೋದರು.

ಇಷ್ಟು ದೂರದ ಪರೀಕ್ಷೆ ಬಿಡಿ, ನಮ್ಮ ದಾರಿಗೇ ಬನ್ನಿ. ಕಬ್ಬಿನ ಹಂಗಾಮಿನಲ್ಲಿ ನೀವು ಜಮಖಂಡಿ, ಮುಧೋಳ ಕಡೆ ರಾತ್ರಿ ಹೋಗಿರುತ್ತೀರಿ. ಮುಂದೆ ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್. ಹಿಂದಿನ ಟ್ರೇಲರಿಗೆ ಲೈಟಿಲ್ಲ. ರಿಫ್ಲೆಕ್ಟರ್ ಇದ್ದರೂ ಮಣ್ಣು ಮೆತ್ತಿಕೊಂಡಿದೆ, ಇಲ್ಲವೇ ಜೋತುಬಿದ್ದ ರವದಿ (ಕಬ್ಬಿನ ಒಣ ಎಲೆ) ಅದನ್ನು ಮುಚ್ಚಿದೆ. ಕಬ್ಬಿನ ತುದಿ ಎರಡೂ ಬದಿಗೆ ಚಾಚಿಕೊಂಡಿದೆ. ಟ್ರ್ಯಾಕ್ಟರಿನ ಡೆಕ್ಕಿನ ಹಾಡು ಕೇಳಿಸುವ ಹೊತ್ತಿಗೆ ನೀವು ಅದರ ಬೆನ್ನಿಗೇ ಬಂದಿರುತ್ತೀರಿ.

ಈಗ ಲೆಕ್ಕ ಹಾಕೋಣ. 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಓಡುತ್ತದೆ. ಡಿಮ್ ಲೈಟಿನಲ್ಲಿ ಸರಿಯಾಗಿ ಕಾಣುವುದು ಸುಮಾರು 40 ಮೀಟರ್. ಟ್ರೇಲರ್ ಕಂಡು, ಕಾಲು ಬ್ರೇಕಿನ ಮೇಲೆ ಹೋಗುವುದರೊಳಗೆ ಒಂದು ಸೆಕೆಂಡಾದರೂ ಬೇಕು. ಉಳಿದ ದೂರದಲ್ಲಿ ಗಾಡಿ ನಿಲ್ಲಬೇಕು. ಬರೀ ದಾರಿಯನ್ನೇ ನೋಡುತ್ತಿದ್ದ ಚಾಲಕನಿಗೇ ಇಲ್ಲಿ ಉಳಿಯುವುದು ಕೂದಲೆಳೆಯಷ್ಟು ಜಾಗ. ಲೋಡ್ ತುಂಬಿದ ಗಾಡಿಯಾದರೆ ಅದೂ ಇಲ್ಲ. ಅಂಥದ್ದರಲ್ಲಿ ವಾಟ್ಸಾಪ್ ಮೆಸೇಜ್ ಒಂದನ್ನು ಓದಲು ಐದು ಸೆಕೆಂಡ್ ತೆಗೆದುಕೊಂಡರೆ 80 ಮೀಟರ್ ದಾರಿಯನ್ನು ನೀವು ನೋಡೇ ಇಲ್ಲ. ಸ್ಕ್ರೀನಿನ ಬೆಳಕು ನೋಡಿದ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಇನ್ನಷ್ಟು ಹೊತ್ತು ಬೇಕು. ಟ್ರೇಲರಿಗೆ ಲೈಟ್ ಹಾಕದವರದ್ದು ತಪ್ಪೇ. ಅದನ್ನು ನಾವು ಬರೆಯುತ್ತಲೇ ಇದ್ದೇವೆ, ಮುಂದೆಯೂ ಬರೆಯುತ್ತೇವೆ. ಆದರೆ ಇವತ್ತು ರಾತ್ರಿ ಆ ಟ್ರೇಲರ್ ಅಲ್ಲೇ ಇರುತ್ತದೆ.

ಬೈಕಿನವರದ್ದು ಇನ್ನೂ ಕಷ್ಟ. ವಿಜಯಪುರದ ಸ್ಟೇಷನ್ ರೋಡಿರಲಿ, ಬಾಗಲಕೋಟೆಯ ನವನಗರವಿರಲಿ, ಹತ್ತು ನಿಮಿಷ ನಿಂತರೆ ಸಾಕು. ಕತ್ತು ಓರೆ ಮಾಡಿ, ಭುಜ ಎತ್ತಿ, ನಡುವೆ ಫೋನ್ ಒತ್ತಿಕೊಂಡು ಹೋಗುವವರು ಸಿಗುತ್ತಾರೆ. ಹೆಲ್ಮೆಟ್ ಮತ್ತು ಕೆನ್ನೆ ನಡುವೆ ತುರುಕಿಕೊಂಡವರು ಇರುತ್ತಾರೆ. ಓರೆಯಾದ ಕತ್ತು ಒಂದು ಬದಿಯ ದಾರಿಯನ್ನೇ ಮರೆ ಮಾಡುತ್ತದೆ. ಫೋನ್ ಜಾರಿದರೆ ಕೈ ತಾನಾಗಿ ಹ್ಯಾಂಡಲ್ ಬಿಟ್ಟು ಅದನ್ನು ಹಿಡಿಯಲು ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಮಗು ಇರುತ್ತದೆ. ಇದನ್ನು ನೋಡಿದಾಗ ನನಗೆ ಸಿಟ್ಟಿಗಿಂತ ಹೆದರಿಕೆಯೇ ಜಾಸ್ತಿ.

"ಫೋನಿನಿಂದ ಅಷ್ಟೇನೂ ಜನ ಸಾಯೋದಿಲ್ಲ, ಸರಕಾರದ ಅಂಕಿ ನೋಡ್ರಿ" ಎಂದು ಬೆಳಗಾವಿಯಿಂದ ಇನ್ನೊಬ್ಬ ಓದುಗರು ಬರೆದಿದ್ದಾರೆ. ಅವರಿಗೂ ಇಲ್ಲೇ ಹೇಳಿಬಿಡುತ್ತೇನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕೇಂದ್ರದ ವರದಿಯಲ್ಲಿ ಹತ್ತರಲ್ಲಿ ಏಳು ಸಾವಿಗೆ ಅತಿವೇಗ ಕಾರಣ ಎಂದಿದೆ. ಮೊಬೈಲಿನ ಪಾಲು ಬಹಳ ಸಣ್ಣದು. ಆದರೆ ಆ ಪಟ್ಟಿ ಹೇಗೆ ತಯಾರಾಗುತ್ತದೆ ನೋಡಿ. ಗಾಡಿ ಎಷ್ಟು ಜೋರಾಗಿ ಬಂದಿತ್ತು ಎನ್ನುವುದು ನುಜ್ಜುಗುಜ್ಜಾದ ತಗಡಿನಲ್ಲಿ ಕಾಣುತ್ತದೆ. ಚಾಲಕ ಫೋನಿನಲ್ಲಿದ್ದನೇ ಎನ್ನುವುದು ಎಲ್ಲೂ ಕಾಣುವುದಿಲ್ಲ. ಬದುಕಿದವನು 'ಹೌದು, ಮಾತಾಡುತ್ತಿದ್ದೆ' ಎಂದು ಒಪ್ಪುವುದಿಲ್ಲ. ಸತ್ತವನನ್ನು ಯಾರೂ ಕೇಳುವಂತಿಲ್ಲ. ಕರೆಗಳ ದಾಖಲೆ ತೆಗೆಸಿ ನೋಡದ ಹೊರತು ಅದು ಲೆಕ್ಕಕ್ಕೆ ಬರುವುದೇ ಇಲ್ಲ. ಆದ್ದರಿಂದ ಅಂಕಿ ಸಣ್ಣದಿದೆ ಎಂದು ಸಮಾಧಾನ ಪಡಲು ನನಗೆ ಆಗುವುದಿಲ್ಲ.

ಈಗ ನಿಮ್ಮ ಹೊಟ್ಟೆಯ ಪ್ರಶ್ನೆ. ನನ್ನ ಮಟ್ಟಿಗೆ ಇದೇ ಮುಖ್ಯ.

ಫೋನ್ ಎತ್ತದಿದ್ದರೆ ಲೋಡ್ ಹೋಗುತ್ತದೆ ಎಂದು ನೀವು ಬರೆದದ್ದು ನಿಜ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣದ್ರಾಕ್ಷಿ ಶೆಡ್ಡುಗಳ ಮುಂದೆ ಗಾಡಿಗಳು ಹೇಗೆ ಓಡಾಡುತ್ತವೆ ಎಂದು ನಮಗೂ ಗೊತ್ತು. ಶೆಡ್ಡಿನವರದ್ದೊಂದು ಫೋನ್, ಕೋಲ್ಡ್ ಸ್ಟೋರೇಜಿನವರದ್ದೊಂದು, ಮಹಾರಾಷ್ಟ್ರದ ತಾಸಗಾಂವದ ಅಡತಿ (ದಲ್ಲಾಳಿ) ಅಂಗಡಿಯದ್ದೊಂದು, ನಡುವೆ ಮನೆಯಿಂದ ಒಂದು. ಎಲ್ಲರದ್ದೂ ಒಂದೇ ಪ್ರಶ್ನೆ: "ಎಲ್ಲಿ ಬಂದ್ರಿ?" ಅವರಿಗೆ ನೀವು ಸ್ಟೇರಿಂಗ್ ಮೇಲಿದ್ದೀರಿ ಎಂದು ಚೆನ್ನಾಗಿ ಗೊತ್ತು. ಗೊತ್ತಿದ್ದೇ ಫೋನ್ ಮಾಡುತ್ತಾರೆ. ಎತ್ತದಿದ್ದರೆ ಮತ್ತೆ ಮಾಡುತ್ತಾರೆ. ಮೂರನೇ ಸಲ ಎತ್ತದಿದ್ದರೆ ಸಿಟ್ಟು. ದಂಡ ಕಟ್ಟುವವರು ಮಾತ್ರ ನೀವು.

ಹೋದ ಸಂಚಿಕೆಯಲ್ಲಿ ನಾವು ಚಾಲಕರ ಬಗ್ಗೆ ಬರೆದೆವು. ಈ ಸಲ ಫೋನ್ ಮಾಡುವವರಿಗೆ ಬರೆಯುತ್ತಿದ್ದೇನೆ. ವ್ಯಾಪಾರಸ್ಥರೇ, ಕಾರ್ಖಾನೆಯವರೇ, ಶಾಲೆಯ ವ್ಯಾನಿನ ಚಾಲಕನಿಗೆ "ಇನ್ನೂ ಯಾಕ ಬಂದಿಲ್ರಿ?" ಎಂದು ಫೋನ್ ಮಾಡುವ ತಂದೆತಾಯಿಗಳೇ, ಗಾಡಿ ಮೇಲಿರುವವರಿಗೆ ನೀವು ಫೋನ್ ಮಾಡುವುದನ್ನು ನಿಲ್ಲಿಸಬೇಕು. ಬಾಡಿಗೆ ಗಾಡಿ, ಬಸ್ಸು, ಶಾಲೆಯ ವ್ಯಾನು, ಲಾರಿ ಇವುಗಳ ಚಾಲಕರಿಗೆ ಬ್ಲೂಟೂತ್ ಸೇರಿ ಪೂರ್ತಿ ನಿಷೇಧ ಬರಬೇಕು ಎನ್ನುವುದು ನನ್ನ ಅಭಿಪ್ರಾಯ. ಕೆಲಸಕ್ಕೆ ಇಟ್ಟುಕೊಂಡವರು ಫೋನ್ ಮಾಡಿದ್ದರಿಂದ ಚಾಲಕ ಸಿಕ್ಕಿಬಿದ್ದರೆ ಅವರ ಮೇಲೂ ದಂಡ ಬೀಳಬೇಕು. ಇದೇನು ಹೊಸ ವಿಚಾರವಲ್ಲ. ಅಪ್ರಾಪ್ತ ಮಗನ ಕೈಗೆ ಗಾಡಿ ಕೊಟ್ಟರೆ ತಂದೆಗೆ ಅಥವಾ ಗಾಡಿ ಮಾಲೀಕನಿಗೆ 25,000 ರೂಪಾಯಿ ದಂಡ ಹಾಕುವ ಕಲಂ ಅದೇ 2019ರ ತಿದ್ದುಪಡಿಯಲ್ಲಿ ಬಂದಿದೆ. ಓಡಿಸಿದವನ ಹಿಂದೆ ಇದ್ದವರನ್ನೂ ಹಿಡಿಯಬಹುದು ಎಂದು ಕಾಯ್ದೆ ಒಪ್ಪಿದೆ.

ಪೂರ್ತಿ ನಿಷೇಧ ಅತಿಯಾಯಿತು ಎನ್ನುವವರಿಗೆ ಒಂದು ಮಾತು. ಅಮೆರಿಕದ ಮಿಸೌರಿಯಲ್ಲಿ 2010ರಲ್ಲಿ ಒಂದು ಪಿಕಪ್ ಗಾಡಿ ಮುಂದಿನ ಲಾರಿಗೆ ಹಿಂದಿನಿಂದ ಬಡಿಯಿತು. ಅದರ ಹಿಂದೆ ಎರಡು ಶಾಲಾ ಬಸ್ಸುಗಳು ಬಂದು ಬಡಿದವು. ಪಿಕಪ್ಪಿನ ಹುಡುಗ, ಬಸ್ಸಿನ ಒಬ್ಬ ವಿದ್ಯಾರ್ಥಿನಿ ಸತ್ತರು. ಬಡಿಯುವ ಮೊದಲಿನ 11 ನಿಮಿಷದಲ್ಲಿ ಆ ಹುಡುಗನ ಫೋನಿನಲ್ಲಿ 11 ಮೆಸೇಜ್ ಹೋಗಿ ಬಂದಿದ್ದವು. ತನಿಖೆ ಮಾಡಿದ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ 2011ರಲ್ಲಿ, ಕೈ ಬೇಡದ ಫೋನೂ ಸೇರಿ ಎಲ್ಲ ಚಾಲಕರಿಗೂ ನಿಷೇಧ ಹಾಕಿ ಎಂದು ರಾಜ್ಯಗಳಿಗೆ ಶಿಫಾರಸು ಮಾಡಿತು. ಅಪಘಾತಗಳನ್ನೇ ದಿನಾ ನೋಡುವವರ ಮಾತು ಅದು.

ಕಾಯ್ದೆ ಬರುವವರೆಗೆ ಸುಮ್ನೆ ಕೂರಬೇಕಿಲ್ಲ. "ಎಲ್ಲಿ ಬಂದ್ರಿ?" ಎನ್ನುವ ಪ್ರಶ್ನೆಗೆ ಬಾಯಿಂದ ಉತ್ತರ ಬೇಕಾಗಿಯೇ ಇಲ್ಲ. ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಇದೆ. ಗಾಡಿ ಬಿಡುವ ಮೊದಲು ವ್ಯಾಪಾರಿಗೊಂದು, ಮನೆಗೊಂದು ಕಳಿಸಿ. ಒಮ್ಮೆ ಹಾಕಿದರೆ 8 ತಾಸಿನವರೆಗೂ ನಡೆಯುತ್ತದೆ. ಗಾಡಿ ಎಲ್ಲಿದೆ ಎಂದು ಅವರೇ ನೋಡಿಕೊಳ್ಳುತ್ತಾರೆ. ಡ್ರೈವಿಂಗ್ ಮೋಡ್ ಇರುವ ಫೋನಾದರೆ ಅದನ್ನೂ ಹಾಕಿ, ಗಂಟೆ ಬಾರಿಸುವುದೇ ನಿಲ್ಲುತ್ತದೆ. ಲೋಡ್ ಒಪ್ಪಿಕೊಳ್ಳುವಾಗಲೇ, ತಾಸಿಗೊಮ್ಮೆ ಧಾಬಾ ಹತ್ತಿರ ನಿಲ್ಲಿಸಿ ನಾನೇ ಫೋನ್ ಮಾಡ್ತೀನಿ ಎಂದು ಮಾತಾಡಿಕೊಳ್ಳಿ. ನಮ್ಮ ಪತ್ರಿಕೆಯ ಬಂಡಲ್ ಒಯ್ಯುವ ಗಾಡಿಗೂ ಇದೇ ಪದ್ಧತಿ ಇದೆ. ಆಫೀಸಿನಿಂದ ಯಾರೂ ಚಾಲಕರಿಗೆ ಫೋನ್ ಮಾಡುವುದಿಲ್ಲ. ಬಂಡಲ್ ಸ್ವಲ್ಪ ತಡವಾದರೂ ನಡೆಯುತ್ತದೆ.

ಒಬ್ಬರೇ ಹೀಗೆ ಮಾಡಿದರೆ ಲೋಡ್ ಹೋಗುತ್ತದೆ ಎನ್ನುವ ಭಯ ನಿಮಗೆ ಇದ್ದೇ ಇರುತ್ತದೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೇ ಸ್ಟ್ಯಾಂಡಿನ ಗಾಡಿಯವರೆಲ್ಲ ಕೂಡಿ ಒಂದೇ ಮಾತು ಹೇಳಬೇಕು. ಎಲ್ಲರೂ ಎತ್ತದಿದ್ದರೆ ವ್ಯಾಪಾರಿ ಯಾರ ಕಡೆ ಹೋಗುತ್ತಾನೆ?

ಅಡತಿಯವರು, ಶೆಡ್ ಮಾಲೀಕರು, ಕೋಲ್ಡ್ ಸ್ಟೋರೇಜಿನವರು ಇದಕ್ಕೆ ಏನು ಹೇಳುತ್ತಾರೆ ಎಂದು ಕೇಳಬೇಕಿದೆ. ಈ ಸಂಚಿಕೆಯನ್ನು ನಿಮಗೆ ಲೋಡ್ ಕೊಡುವವರ ಕೈಗೆ ಕೊಡಿ. ಅವರ ಉತ್ತರ ಬಂದರೆ ಇದೇ ಪುಟದಲ್ಲಿ, ನಿಮ್ಮ ಪತ್ರಕ್ಕೆ ಕೊಟ್ಟಷ್ಟೇ ಜಾಗ ಕೊಟ್ಟು ಹಾಕುತ್ತೇವೆ.

- ಸಂಪಾದಕ