ಪ್ರಯೋಗಾಲಯವಿಲ್ಲದ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನವನ್ನು ಮಾಡಿ ಕಲಿಸುವುದು ಹೇಗೆ?

ಕಾಸರಗೋಡಿನ ಕನ್ನಡ ಶಾಲೆಯ ಐದನೇ ತರಗತಿಗೆ ಅಂಗಳದ ಮುರಕಲ್ಲೇ (ಕರಾವಳಿಯ ಕೆಂಪುಕಲ್ಲು) ಸಾಕು. ಒಣಗಿದ ತುಂಡೊಂದನ್ನು ಮಕ್ಕಳೇ ತೂಗಿ, ಬಕೆಟ್ ನೀರಿನಲ್ಲಿ ಮುಳುಗಿಸಲಿ. ಕಲ್ಲಿನಿಂದ ಗುಳ್ಳೆಗಳು ಏಳುತ್ತವೆ. ಆ ಕ್ಷಣದಲ್ಲಿ ದಯವಿಟ್ಟು ವಿವರಣೆಗೆ ಇಳಿಯಬೇಡಿ. ‘ಕಲ್ಲಿನೊಳಗೆ ಗಾಳಿ ಹೇಗೆ ಬಂತು?’ ಎಂದು ಅವರಲ್ಲೇ ಒಬ್ಬರು ಕೇಳುವವರೆಗೆ ಕಾಯಿರಿ. ಆ ಪ್ರಶ್ನೆಯೇ ಪಾಠದ ಜೀವ. ಮರುದಿನ ಮತ್ತೆ ತೂಗಿದಾಗ ಭಾರ ಹೆಚ್ಚಿರುತ್ತದೆ. ಗಾಳಿ ಹೊರಟ ಜಾಗಕ್ಕೆ ನೀರು ಸೇರಿತೆಂದು ಅವರೇ ಹೇಳುತ್ತಾರೆ. ಹೋಲಿಕೆಗೆ ಕರಿಕಲ್ಲಿನ ತುಂಡನ್ನೂ ಇಡಿ.

ಆಮೇಲೆ ಹತ್ತಿರದ ತೋಟದ ಸುರಂಗದ ಬಾಯಿಗೆ ಕರೆದೊಯ್ಯಿರಿ (ಒಳಗೆ ಮಾತ್ರ ಬಿಡಬೇಡಿ). ನೀರಿಗಾಗಿ ಗುಡ್ಡವನ್ನು ಅಡ್ಡಲಾಗಿ ಕೊರೆದ ಇಂಥ ಸುರಂಗದಿಂದ ಪಂಪಿಲ್ಲದೆಯೇ ನೀರು ಹರಿದು ಬರುವುದನ್ನು ಎಷ್ಟೋ ಮಕ್ಕಳು ಮನೆಯಲ್ಲೇ ಕಂಡಿರುತ್ತಾರೆ. ಮುರಕಲ್ಲಿನ ರಂಧ್ರಗಳಲ್ಲಿ ಇಳಿದ ಮಳೆನೀರೇ ಅದು ಎಂದು ಈಗ ಹೊಳೆಯುತ್ತದೆ. ಒಂದು ಕೊಡ ತುಂಬಲು ಎಷ್ಟು ಹೊತ್ತು ಬೇಕೆಂದು ಡಿಸೆಂಬರಿನಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ಅಳೆದು ಬರೆದಿಡಲಿ.

ಹೆಸರುಗಳು ಕೊನೆಗೆ ಬರಲಿ. ಈ ಕಲ್ಲಿಗೆ 1807ರಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟ ಬ್ರಿಟಿಷ್ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಅದನ್ನು ಗಮನಿಸಿದ್ದು ಇದೇ ಕೇರಳದ ಅಂಗಾಡಿಪುರದಲ್ಲಿ. ಲ್ಯಾಟಿನ್‌ನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಯಾಕೆ ಇಟ್ಟಿಗೆ ಎಂಬುದನ್ನು ಮುರಕಲ್ಲಿನಿಂದ ಕಟ್ಟಿದ ಶಾಲೆಯ ಗೋಡೆ ತೋರಿಸಿ ಕೇಳಿ.