ಒಂಟಿಯಾಗಿ ಈ ಕೆಲಸ ಮಾಡಬೇಡಿ

ಮಂಡ್ಯ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನನಗೆ ಬೈಪೋಲಾರ್ ಕಾಯಿಲೆ, ಅಂದ್ರೆ ಕೆಲವು ಕಾಲ ಅತಿ ಉತ್ಸಾಹ, ಕೆಲವು ಕಾಲ ತೀರಾ ಬೇಸರ. ಮಾತ್ರೆ ತಗೊಂಡು ಈಗ ಚೆನ್ನಾಗಿದ್ದೀನಿ. ಒಂದು ಸಂಸ್ಥೆಯಲ್ಲಿ ಪೀರ್ ಸಪೋರ್ಟ್ ವರ್ಕರ್ ಕೆಲಸ. ನನ್ನ ಹಾಗೆ ಕಾಯಿಲೆ ಬಂದವರ ಮನೆಗೆ ಹೋಗ್ತೀನಿ, ಅವರ ಜೊತೆ ಆಸ್ಪತ್ರೆಗೂ ಹೋಗ್ತೀನಿ. ಮೊನ್ನೆ ಒಬ್ಬ ಹುಡುಗ, 'ಅಕ್ಕಾ, ಮಾತ್ರೆ ಬಿಟ್ಟಿದ್ದೀನಿ, ಅಮ್ಮಂಗೆ ಹೇಳ್ಬೇಡಿ' ಅಂದ. ಯಾರನ್ನು ಕೇಳೋದು ಅಂತಲೇ ಗೊತ್ತಾಗಲಿಲ್ಲ. ಡಾಕ್ಟ್ರಿಗೆ, ನರ್ಸ್‌ಗಳಿಗೆ ಸಂಘ ಇದೆ. ನಮಗೆ ಯಾರಿದ್ದಾರೆ? ಯಾವ ಕೋರ್ಸ್ ಮಾಡಲಿ? ವಿಸಿಟಿಂಗ್ ಕಾರ್ಡಿನಲ್ಲಿ ಕಾಯಿಲೆ ಹೆಸರು ಹಾಕಿಸಬೇಕಾ?" ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ.

ಸೋದರಿ,

ಕೋರ್ಸ್ ವಿಚಾರ ಮೊದಲು ಮುಗಿಸಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕ್ವಾಲಿಟಿ ರೈಟ್ಸ್ ಹೆಸರಿನಲ್ಲಿ ತರಬೇತಿ ಪುಸ್ತಕಗಳನ್ನು ಹೊರತಂದಿದೆ. ಒಬ್ಬರಿಗೊಬ್ಬರು ಆಸರೆಯಾಗುವುದಕ್ಕೆ ಒಂದು, ಗುಂಪು ನಡೆಸುವುದಕ್ಕೆ ಇನ್ನೊಂದು. ಎರಡೂ ಉಚಿತ. ಇಂಗ್ಲಿಷ್ ಕಷ್ಟವಾದರೆ ಬಲ್ಲವರೊಬ್ಬರು ಓದಿ ಕನ್ನಡದಲ್ಲಿ ಹೇಳಲಿ. ಗುಜರಾತಿನಲ್ಲಿ 2014ರಿಂದ ಕೆಲವು ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಇದೇ ಹೆಸರಿನ ಯೋಜನೆ ನಡೆಯಿತು. ಕಾಯಿಲೆ ಅನುಭವಿಸಿದವರೇ ಅಲ್ಲಿ ಸ್ವಯಂಸೇವಕರಾಗಿ ಬಂದರು. ಅಂದರೆ ನಿಮ್ಮ ಕೆಲಸ ನಮ್ಮ ದೇಶಕ್ಕೆ ಹೊಸದೇನಲ್ಲ.

ಆದರೆ ಆ ಹುಡುಗನ ಮಾತಿಗೆ ಏನು ಮಾಡಬೇಕು ಅಂತ ಯಾವ ಸರ್ಟಿಫಿಕೇಟೂ ಹೇಳಿಕೊಡುವುದಿಲ್ಲ. ನಿಮಗೆ ಈಗ ತುರ್ತಾಗಿ ಬೇಕಿರುವುದು ಇದೇ ಕೆಲಸ ಮಾಡುವ ಇನ್ನೂ ಮೂರ್ನಾಲ್ಕು ಜನ. ನನ್ನ ಪ್ರಕಾರ ಮಿಕ್ಕಿದ್ದೆಲ್ಲ ಆಮೇಲೆ.

ಅವರನ್ನು ಹುಡುಕುವುದು ಹೇಗೆ? ಮಂಡ್ಯದ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ), ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಗಳಲ್ಲಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಸೋಷಿಯಲ್ ವರ್ಕರ್‌ಗಳನ್ನು ವಿಚಾರಿಸಿ. ಅವರ ಹತ್ತಿರ ಕಾಯಿಲೆಯವರ ಹೆಸರು, ನಂಬರ್ ಕೇಳಬೇಡಿ. ಕೊಡುವ ಹಾಗೂ ಇಲ್ಲ, ಗುಟ್ಟು ಕಾಪಾಡಬೇಕು ಅಂತ ಕಾನೂನೇ ಇದೆ. ಬದಲಿಗೆ ನಿಮ್ಮ ನಂಬರ್ ಕೊಟ್ಟು ಬನ್ನಿ. "ಇಂಥ ಕೆಲಸದಲ್ಲಿ ಆಸಕ್ತಿ ಇರುವವರು ಬಂದರೆ ನನಗೊಂದು ಫೋನ್ ಮಾಡೋಕೆ ಹೇಳಿ" ಅನ್ನಿ. ಇಬ್ಬರು ಸಿಕ್ಕರೂ ಶುರು ಮಾಡಬಹುದು. ತಿಂಗಳಿಗೊಂದು ಭಾನುವಾರ ರೈಲಿನಲ್ಲಿ ಮೈಸೂರಿಗೆ ಬಂದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತರೂ ಸಾಕು, ಬಾಡಿಗೆ ರೂಮು ಯಾಕೆ?

ಅಲ್ಲಿ ಸುಮ್ನೆ ಹರಟೆ ಹೊಡೆದು ಎದ್ದರೆ ಪ್ರಯೋಜನವಿಲ್ಲ. ಒಬ್ಬರು ತಮಗೆ ಕಷ್ಟವಾದ ಒಂದು ಸಂಗತಿ ಹೇಳಲಿ. ಹೆಸರು, ಊರು ಬೇಡ. ಉಳಿದವರು ತಕ್ಷಣ ಬುದ್ಧಿ ಹೇಳದೆ ಮೊದಲು ಪ್ರಶ್ನೆ ಕೇಳಲಿ. ನಿಮ್ಮ ಹುಡುಗನ ವಿಚಾರವನ್ನೇ ತಗೊಳ್ಳಿ. ಮಾತ್ರೆ ಯಾಕೆ ಬಿಟ್ಟ? ಮೈ ಭಾರ, ನಿದ್ದೆ ಜಾಸ್ತಿ, ಕೈ ನಡುಕ, ತೂಕ? ಅದನ್ನು ಡಾಕ್ಟ್ರ ಮುಂದೆ ಹೇಳೋಕೆ ಸಂಕೋಚವಾ? ಹಾಗಿದ್ದರೆ "ನಾನೂ ಬರ್ತೀನಿ, ಮಾತ್ರೆ ಬದಲಾಯಿಸೋಕೆ ಆಗುತ್ತಾ ಕೇಳೋಣ" ಅನ್ನಬಹುದು. ಎಷ್ಟೋ ಸಲ ಬದಲಾಯಿಸಲಿಕ್ಕೆ ಆಗುತ್ತೆ ಕೂಡ. ಆದರೆ ಮಾತ್ರೆ ತಗೋ, ಬಿಡು ಅಂತ ಹೇಳುವುದು ನಿಮ್ಮ ಕೆಲಸ ಅಲ್ಲ. ಅಮ್ಮನಿಗೆ ಅವನೇ ಹೇಳುವಂತಾದರೆ ಒಳ್ಳೆಯದು. ಆದರೆ ಸಾಯುವ ಮಾತಾಡಿದರೆ, ಯಾರಿಗಾದರೂ ಅಪಾಯ ಅನ್ನಿಸಿದರೆ ಗುಟ್ಟು ಉಳಿಸಿಕೊಳ್ಳಲು ಆಗದು. ಇದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ. ಆಮೇಲೆ ಹೇಳಿದರೆ ಮೋಸ ಹೋದೆ ಅನ್ನಿಸುತ್ತೆ ಅವರಿಗೆ.

ಗುಂಪು ಹೇಗೆ ನಡೆಯುತ್ತೆ ಅಂತ ನೋಡಬೇಕೆಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್‌ ಗುಂಪಿನ ಬಹಿರಂಗ ಸಭೆಗೊಮ್ಮೆ ಹೋಗಿ ಕೂತು ಬನ್ನಿ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ ಹುಟ್ಟಿದ್ದು ಅದು. ಕಾಯಿಲೆ ಬೇರೆ ಇರಬಹುದು. ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕದೆ ಕೇಳುವ ಶಿಸ್ತು ಅಲ್ಲಿ ಕಲಿಯುವಂಥದ್ದು.

ಇನ್ನು ಪರಿಚಯ ಬೆಳೆಸುವುದು. ದೊಡ್ಡವರ ಜೊತೆ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ನಿಮ್ಮ ತಾಲ್ಲೂಕಿನಲ್ಲಿ ಕೆಲಸಕ್ಕೆ ಬರುವವರನ್ನು ಗುರುತು ಮಾಡಿಕೊಳ್ಳಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಅವತ್ತು ಹೋಗಿ ನರ್ಸ್, ಫಾರ್ಮಸಿಯವರನ್ನು ಮಾತಾಡಿಸಿ. ಊರಿನ ಆಶಾ ಕಾರ್ಯಕರ್ತೆ ಗೊತ್ತಿರಲಿ. ಪಂಚಾಯ್ತಿ ಮಟ್ಟದಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ಮಾಸಾಶನದ ಅರ್ಜಿಗೆ ಅವರೇ ದಾರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಇದು ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಯಾರು ಎಲ್ಲಿ ಸಿಗುತ್ತಾರೆ, ಯಾವ ವಾರ, ಏನೇನು ಜೆರಾಕ್ಸ್ ಬೇಕು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಕಾರ್ಡಿನಲ್ಲಿ ಕಾಯಿಲೆ ಹೆಸರು ಬೇಡ. ಹೆಸರು, ಫೋನ್, ಮಾಡುವ ಕೆಲಸ ಇಷ್ಟಿರಲಿ. ನಿಮ್ಮ ಕಥೆ ಯಾರಿಗೆ, ಎಷ್ಟು ಹೇಳಬೇಕು ಅನ್ನೋದನ್ನು ಎದುರಿಗಿರುವವರನ್ನು ನೋಡಿ ನೀವೇ ತೀರ್ಮಾನಿಸಿ. ಅಕ್ಟೋಬರ್ 10 ಬಂತೆಂದರೆ ಮಾನಸಿಕ ಆರೋಗ್ಯ ದಿನದ ಕಾರ್ಯಕ್ರಮಕ್ಕೆ ಕರೆಯುತ್ತಾರೆ, ಶಾಲು ಹೊದಿಸುತ್ತಾರೆ. ಇಷ್ಟವಿದ್ದರೆ ಹೋಗಿ. ಆದರೆ ಬಸ್ ಚಾರ್ಜು, ಗೌರವಧನ ಎಷ್ಟು ಅಂತ ಮೊದಲೇ ಕೇಳಿ. ವೇದಿಕೆ ಮೇಲಿನ ಡಾಕ್ಟ್ರಿಗೆ ಕೊಡುವುದಾದರೆ ನಿಮಗೂ ಕೊಡಬೇಕು. ಅನುಭವ ಹೇಳುವುದು ದುಡಿಮೆಯೇ, ಅದನ್ನು ಪುಕ್ಕಟೆ ಪಡೆಯುವುದು ಅನ್ಯಾಯ.

ಮುಂದಿನ ದಾರಿಯೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆ ಇರುವವರ ಅಥವಾ ಇದ್ದವರ ಪರವಾಗಿ ಇಬ್ಬರು ಇರಬೇಕು. ಕಾಯಿಲೆಯವರ ಹಕ್ಕಿನ ದೂರು ಕೇಳುವ ಪರಿಶೀಲನಾ ಮಂಡಳಿಗಳಲ್ಲೂ ಕಾಯಿಲೆ ಇರುವವರು, ಆರೈಕೆ ಮಾಡುವವರು ಅಥವಾ ಅವರ ಸಂಸ್ಥೆಯವರಿಗೆ ಎರಡು ಜಾಗ ಇವೆ. ನಿಮ್ಮಂಥವರು ಅಲ್ಲಿ ಕೂರಬೇಕು. ಕಾಯ್ದೆಯನ್ನು ನಿಮ್ಮ ಗುಂಪಿನಲ್ಲೇ ಸ್ವಲ್ಪ ಸ್ವಲ್ಪ ಓದಿ.

ಪತ್ರದ ಕೊನೆಯಲ್ಲಿ ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತೆ ಎಂದಿದ್ದೀರಿ. ಅದು ನನಗೆ ಚಿಂತೆ ಹಚ್ಚಿತು. ನಿದ್ದೆ ಕೆಟ್ಟರೆ ಬೈಪೋಲಾರ್ ಕೆರಳುತ್ತೆ, ನಿಮಗೇ ಚೆನ್ನಾಗಿ ಗೊತ್ತು. ಎಲ್ಲರಿಗೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟಿಡಿ. ಇಪ್ಪತ್ನಾಲ್ಕು ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮಗೆ ಬೇಸರವಾದಾಗ ನೀವೂ ಮಾಡಿ. ನಿಮ್ಮ ಫಾಲೋ ಅಪ್ ದಿನ ಬೇರೆಯವರ ಜೊತೆ ಹೋಗುವ ಕೆಲಸ ಇಟ್ಟುಕೊಳ್ಳಬೇಡಿ. ಇದನ್ನು ಸಂಸ್ಥೆಯವರಿಗೂ ಹೇಳಿ.

ಮೈಸೂರು, ಮಂಡ್ಯ ಸುತ್ತಮುತ್ತ ಇದೇ ಕೆಲಸದಲ್ಲಿರುವ ಓದುಗರು ಇದ್ದರೆ ನಮ್ಮ ವಿಳಾಸಕ್ಕೆ ಬರೆಯಿರಿ. ಪತ್ರವನ್ನು ಇವರಿಗೆ ತಲುಪಿಸುತ್ತೇವೆ. ನೀವು ಬೇಡ ಅಂದರೆ ನಿಮ್ಮ ಹೆಸರನ್ನೂ ಅಚ್ಚು ಹಾಕುವುದಿಲ್ಲ.

— ಸಂಪಾದಕ