ನೊರೆ ಬರುತ್ತೆ, ನಿಲ್ಲಲ್ಲ!

ಪ್ರಶ್ನೆ: ಮನೆಗೆ ಎಸ್ಪ್ರೆಸೊ ಮೆಷಿನ್ ತಂದಿದ್ದೇವೆ. ಬೆಳಿಗ್ಗೆ ಕಾಯಿಸಿಟ್ಟ ಹಾಲಿಗೆ ಸ್ಟೀಮ್ ಕೊಟ್ಟರೆ ದೊಡ್ಡ ಗುಳ್ಳೆ ಬಂದು ತಕ್ಷಣ ಇಳಿದುಹೋಗುತ್ತದೆ. ಈಚೆಗೆ ಸ್ಟೀಮೂ ಕಡಿಮೆಯಾಗಿದೆ. ನಮ್ಮದು ಬೋರ್‌ವೆಲ್ ನೀರು.
– ಓದುಗರೊಬ್ಬರು, ಜೆ.ಪಿ. ನಗರ

ಉತ್ತರ: ಮೊದಲು ಆ ಕಾಯಿಸಿದ ಹಾಲು ಬಿಡಿ. ನೊರೆಯನ್ನು ಹಿಡಿದಿಡುವುದು ಹಾಲಿನ ಪ್ರೋಟೀನ್. ಕುದಿಸಿದಾಗ ಅದರ ಗುಣ ಬದಲಾಗುತ್ತದೆ, ಕೆನೆಯ ಚೂರೂ ಅಡ್ಡ ಬರುತ್ತದೆ. ಫ್ರಿಜ್‌ನಿಂದ ತೆಗೆದ ಪ್ಯಾಕೆಟ್ ಹಾಲನ್ನೇ ನೇರವಾಗಿ ಬಳಸಿ. ಹಸಿ ಹಾಲಾ ಅಂತ ಅತ್ತೆ ಮುಖ ಸಿಂಡರಿಸಿದರೆ, ಡೈರಿಯಲ್ಲೇ ಪಾಶ್ಚರೀಕರಿಸಿರುತ್ತಾರೆ ಅನ್ನಿ. ನಂದಿನಿ ಟೋನ್ಡ್ ಹಾಲಲ್ಲಿ ಶೇ. 3 ಕೊಬ್ಬು, ಶುಭಂನಲ್ಲಿ ಶೇ. 4.5. ನನಗೆ ಶುಭಂ ರುಚಿಯೇ ಇಷ್ಟ.

ಜಗ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಹಾಲಿರಲಿ. ಸ್ಟೀಮ್ ಕೊಳವೆಯ ನೀರನ್ನು ಮೊದಲು ಹೊರಗೆ ಬಿಟ್ಟು, ತುದಿಯನ್ನು ಹಾಲಿನ ಮೇಲ್ಮೈಗೆ ಸ್ವಲ್ಪವೇ ಕೆಳಗೆ ಹಿಡಿಯಿರಿ. ಚಿರ್ರ್ ಅನ್ನುವ ಸದ್ದು ಬರಬೇಕು. ಜಗ್ ಉಗುರುಬೆಚ್ಚಗಾದೊಡನೆ ತುದಿಯನ್ನು ಇನ್ನಷ್ಟು ಮುಳುಗಿಸಿ, ಹಾಲು ಸುತ್ತುವಂತೆ ಮಾಡಿ. 60–65 ಡಿಗ್ರಿಗೆ ನಿಲ್ಲಿಸಿ. ಕುದಿಯುವ ಕಾಫಿಯೇ ಬೇಕು ಅನ್ನುವವರಿಗೆ ಫಿಲ್ಟರ್ ಕಾಫಿ ಇದ್ದೇ ಇದೆಯಲ್ವಾ!

ಸ್ಟೀಮ್ ಕಡಿಮೆಯಾಗಿದ್ದಕ್ಕೆ ತುದಿಯ ತೂತಲ್ಲಿ ಒಣಗಿದ ಹಾಲು ಕಾರಣವಿರಬಹುದು. ಮೆಷಿನ್ ಆರಿಸಿ, ತಣ್ಣಗಾದ ಮೇಲೆ ಪಿನ್ನಿನಿಂದ ಬಿಡಿಸಿ. ಪ್ರತಿ ಸಲವೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಮ್ಮೆ ಸ್ಟೀಮ್ ಬಿಡಿ. ಆಗಲೂ ಸರಿಹೋಗದಿದ್ದರೆ ಒಳಗೆ ಸುಣ್ಣ ಕಟ್ಟಿದೆ ಅಂತಲೇ ನನ್ನ ಅನುಮಾನ. ಗಡಸು ನೀರಲ್ಲವೇ! ಕೈಪಿಡಿಯಲ್ಲಿ ಹೇಳಿದ ಡೀಸ್ಕೇಲಿಂಗ್ (ಸುಣ್ಣ ಕರಗಿಸುವ) ದ್ರಾವಣ ಹಾಕಿ, ಆಮೇಲೆ ಬರೀ ನೀರು ಹಾಯಿಸಿ ಚೆನ್ನಾಗಿ ತೊಳೆಯಿರಿ. ವಿನೆಗರ್ ಬೇಡ, ವಾಸನೆ ಬೇಗ ಹೋಗುವುದಿಲ್ಲ.